ಹೆಬ್ಬೆರಳಿಗೆ ಗೊತ್ತಿತ್ತು

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ವಕೀಲರಿಂದ ಕಾಗದ ಬರುತ್ತದೆ. ಅಮೆರಿಕದ ಅಲಬಾಮಾದಲ್ಲಿದೆ, ಕೆಂಪು ಇಟ್ಟಿಗೆಯ ಕಟ್ಟಡ, ಮುಂದೆ ದೊಡ್ಡ ಹುಲ್ಲುಹಾಸು. ಇಷ್ಟು ಸಾಕು. ಅಲ್ಲಿ ಇಪ್ಪತ್ತೆರಡು ವರ್ಷ ನಾನು ಹುಡುಗಿಯರಿಗೆ ಓಟ ಕಲಿಸಿದೆ. ನೂರು ಮೀಟರ್, ಇನ್ನೂರು ಮೀಟರ್, ರಿಲೇ. ನನ್ನ ಹೆಸರು ಓಡೆಸ್ಸಾ ಪಿಕೆಟ್. ಹುಡುಗಿಯರ ಬಾಯಲ್ಲಿ ಪಿಕೆಟಮ್ಮ.

ನನ್ನ ಕೋಣೆ ಬಟ್ಟೆ ಒಗೆಯುವ ಮಷೀನುಗಳ ಪಕ್ಕದಲ್ಲಿತ್ತು. ಬೆಳಗ್ಗೆ ಐದೂವರೆಗೆ ಬಂದು ಬೀಗ ತೆಗೆಯುತ್ತಿದ್ದೆ. ಟಬ್ಬುಗಳಿಗೆ ಐಸ್ ಸುರಿಯುತ್ತಿದ್ದೆ. ಓಟ ಶುರು ಮಾಡುವಾಗ ಕಾಲೂರುವ ಕಬ್ಬಿಣದ ಬ್ಲಾಕುಗಳನ್ನು ಹೆಗಲ ಮೇಲೆ ಹೊತ್ತು ಟ್ರ್ಯಾಕಿಗೆ ತರುತ್ತಿದ್ದೆ. ಬೇರೆ ಊರಿನ ಕ್ರೀಡಾಕೂಟಕ್ಕೆ ಏಳು ಗಂಟೆ ವ್ಯಾನು ಓಡಿಸಿಕೊಂಡು ಹೋಗಿ, ಇಳಿದ ಕೂಡಲೇ ಅದೇ ಕೈಯಲ್ಲಿ ಹುಡುಗಿಯರ ತೊಡೆ ತಿಕ್ಕಲು ಕೂರುತ್ತಿದ್ದೆ. ತೊಡೆಯ ಹಿಂಭಾಗದ ಸ್ನಾಯುವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಡಿಲ ಮಾಡಬೇಕು. ಅದಕ್ಕೆ ಮಷೀನು ಬಂದ ಮೇಲೂ ನಾನು ಬೆರಳನ್ನೇ ನಂಬಿದೆ. ನನ್ನ ಎರಡೂ ಹೆಬ್ಬೆರಳ ಗಿಣ್ಣು ಊದಿ ಗಡ್ಡೆಯಾಗಿವೆ. ಬಾಟಲಿಯ ಮುಚ್ಚಳ ತಿರುಗಿಸಲು ಆಗುವುದಿಲ್ಲ. ಆದರೆ ಕಣ್ಣು ಮುಚ್ಚಿ ಒತ್ತಿದರೂ ಸ್ನಾಯು ಎಲ್ಲಿ ಬಿಗಿದಿದೆ, ಎಲ್ಲಿ ಹರಿಯುವುದರಲ್ಲಿದೆ ಅಂತ ಹೇಳಬಲ್ಲೆ.

ಈ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಜನ ಹೆಡ್ ಕೋಚ್ ಬಂದರು. ನಾಲ್ವರೂ ಬಿಳಿಯರು. ಪ್ರತಿ ಸಲವೂ ನಾನು ಅರ್ಜಿ ಹಾಕಿದೆ. ಪ್ರತಿ ಸಲವೂ ಮೇಲಿನವರದು ಒಂದೇ ಮಾತು: "ಓಡೆಸ್ಸಾ, ನೀನು ಬಂದು ಕುರ್ಚಿ ಮೇಲೆ ಕೂತ್ರೆ ಮನೆಗಳಿಗೆ ಹೋಗೋರ್ಯಾರು?"

ಮನೆ ಅಂದರೆ ನಮ್ಮವರ ಮನೆ. ಕರಿಯರ ಮನೆ. ಕಾಲೇಜಿಗೆ ಬೇಕಾದ ವೇಗದ ಹುಡುಗಿಯರು ಇರುವುದು ಅಲ್ಲಿ. ಬಿಳಿಯ ಕೋಚ್ ಬಂದರೆ ನಮ್ಮ ತಾಯಂದಿರು ಜಗಲಿಯಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ. ನಾನು ಹೋದರೆ ಅಡುಗೆಮನೆಗೆ ಕರೆದು ತಟ್ಟೆ ಇಡುತ್ತಾರೆ. ನಮ್ಮಲ್ಲಿ ಒಬ್ಬರ ಅಡುಗೆಮನೆಯಲ್ಲಿ ಕೂತು ಉಂಡು ಆಡಿದ ಮಾತಿಗೆ ಬೆಲೆ ಇದೆ. ಉಂಡವಳು ಸುಳ್ಳು ಹೇಳುವುದಿಲ್ಲ ಅಂತ ತಾಯಂದಿರು ನಂಬುತ್ತಾರೆ. ಈ ವಿಷಯ ಕಾಲೇಜಿಗೆ ಚೆನ್ನಾಗಿ ಗೊತ್ತಿತ್ತು. ನನ್ನನ್ನು ಇಟ್ಟುಕೊಂಡಿದ್ದೇ ಅದಕ್ಕೆ.

ಹಾಗೆ ನಾನು ಲೆವೀನಿಯಾ ಫೆಲ್ಡರ್‌ಳ ಅಡುಗೆಮನೆಗೆ ಹೋದೆ. ಅವಳ ಮಗಳು ಇಮಾರಿ. ಹದಿನೇಳು ವರ್ಷ, ಉದ್ದ ಕಾಲು, ಮಾತು ಕಡಿಮೆ. ಆ ಜಿಲ್ಲೆಯ ಓಟಗಳಲ್ಲಿ ಅವಳ ಬೆನ್ನು ಬಿಟ್ಟು ಬೇರೇನನ್ನೂ ಯಾರೂ ನೋಡಿರಲಿಲ್ಲ, ಅಷ್ಟು ವೇಗ.

ಲೆವೀನಿಯಾ ಮೀನು ಕರಿದಿದ್ದಳು. ಸೊಪ್ಪು ಬೇಯಿಸಿದ್ದಳು. ಜೋಳದ ರೊಟ್ಟಿಯ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದಳು.

"ತಿನ್ನಿ ಅಕ್ಕ. ಸಾಕೋರೇ ಇಷ್ಟು ಸಣ್ಣಗಿದ್ರೆ ನನ್ನ ಮಗಳಿಗೆ ಅಲ್ಲಿ ಏನು ತಿನ್ನಿಸ್ತೀರಿ?"

"ನಿನ್ನ ಕೈರುಚಿ ಸಿಗಲ್ಲ ತಂಗಿ, ಹೊಟ್ಟೆ ಮಾತ್ರ ತುಂಬುತ್ತೆ."

ನಾನು ಮೀನಿನ ಮುಳ್ಳು ತೆಗೆಯಲು ಒದ್ದಾಡುತ್ತಿದ್ದೆ. ಅವಳು ನನ್ನ ಕೈ ನೋಡಿದಳು.

"ಅಯ್ಯೋ, ಇದೇನಕ್ಕ ನಿಮ್ಮ ಹೆಬ್ಬೆರಳು? ನೀವೂ ಕೋಳಿ ಫ್ಯಾಕ್ಟರೀಲಿ ಇದ್ರಾ?"

"ಇಲ್ಲಮ್ಮ. ಹುಡುಗೀರ ತೊಡೆ ತಿಕ್ಕಿ ತಿಕ್ಕಿ ಹಿಂಗಾಗಿದೆ."

ಅವಳು ತನ್ನ ಕೈಯನ್ನು ನನ್ನ ಕೈ ಪಕ್ಕದಲ್ಲಿ ಇಟ್ಟಳು. ಅದೇ ಗಿಣ್ಣು, ಅದೇ ಗಡ್ಡೆ.

"ನಂದು ಕೋಳಿ ತೊಡೆ. ಹದಿನಾಲ್ಕು ವರ್ಷ ಆಯ್ತು, ಮೂಳೆಯಿಂದ ಮಾಂಸ ಬಿಡಿಸ್ತಾನೇ ಇದೀನಿ. ಆ ಬೆಲ್ಟು ನಿಲ್ಲೋದೇ ಇಲ್ಲ ಅಕ್ಕ. ಉಚ್ಚೆ ಬಂದ್ರೂ ನಿಲ್ಲಲ್ಲ. ಎಷ್ಟೋ ಜನ ನಿಂತಲ್ಲೇ ಮಾಡ್ಕೊತಾರೆ."

ಇಬ್ಬರೂ ನಕ್ಕೆವು. ಇಮಾರಿ ನಾಚಿಕೊಂಡು "ಅಮ್ಮಾ!" ಅಂದಳು. ಲೆವೀನಿಯಾ ನಗು ನಿಲ್ಲಿಸಿದಳು.

"ಇವಳು ಆ ಬೆಲ್ಟಿನ ಮುಂದೆ ನಿಲ್ಲಬಾರದು. ನನಗೆ ಇನ್ನೇನೂ ಬೇಡ. ಓದ್ಬೇಕು, ಡಿಗ್ರಿ ತಗೋಬೇಕು. ಇವಳ ಕಾಲಿಗೆ ಏನಾದ್ರೂ ಆದ್ರೆ?"

"ನಾನಿದೀನಲ್ಲ," ಅಂದೆ. ಇನ್ನೊಂದು ತುಂಡು ಮೀನು ಬಾಯಿಗೆ ಹಾಕಿಕೊಂಡೆ.

ಎಷ್ಟು ಅಡುಗೆಮನೆಗಳಲ್ಲಿ ಈ ಮಾತು ಹೇಳಿದ್ದೇನೋ ನನಗೇ ನೆನಪಿಲ್ಲ.

ಮುಂದಿನ ತಿಂಗಳು ತಾಯಿ ಮಗಳು ಕಾಲೇಜು ನೋಡಲು ಬಂದರು. ಬಂದವರನ್ನೆಲ್ಲ ನಾವು ಒಂದು ಉದ್ದನೆಯ ಓಣಿಯಲ್ಲಿ ಕರೆದುಕೊಂಡು ಹೋಗುತ್ತೇವೆ. ಗೋಡೆಯ ಮೇಲೆ ಒಂದೇ ಒಂದು ಫೋಟೋ, ಮೇಜಿನಷ್ಟು ದೊಡ್ಡದು. ಒಬ್ಬಳು ಕರಿಯ ಹುಡುಗಿ ಟ್ರ್ಯಾಕಿನ ಮೇಲೆ ತೆವಳುತ್ತಿದ್ದಾಳೆ. ಮಂಡಿ ಎರಡೂ ಕಿತ್ತುಹೋಗಿವೆ. ಬಲಗಾಲು ಹಿಂದೆ ಎಳೆದುಕೊಂಡು ಬರುತ್ತಿದೆ. ಕೈಯಲ್ಲಿ ರಿಲೇ ಕೋಲು. ಬಾಯಿ ತೆರೆದಿದೆ. ಕೆಳಗೆ ಉಕ್ಕಿನ ಅಕ್ಷರದಲ್ಲಿ ಒಂದೇ ಪದ: ಛಲ. ಹುಡುಗಿಯ ಹೆಸರಿಲ್ಲ.

"ಇದು ನಮ್ಮ ರಿಲೇ," ಅಂತ ನಾನು ಶುರು ಮಾಡಿದೆ. "ಮುಗಿಯೋ ಗೆರೆಗೆ ಇನ್ನೂ ನಲವತ್ತು ಮೀಟರ್ ಇದೆ ಅನ್ನೋವಾಗ ಇವಳ ತೊಡೆ ಹರೀತು. ಬಿಡ್ಲಿಲ್ಲ. ತೆವಳ್ಕೊಂಡು ಬಂದು ಎಂಟನೆಯವಳಾಗಿ ಗೆರೆ ದಾಟಿದ್ಲು. ಎಂಟನೆಯವರಿಗೆ ಒಂದು ಅಂಕ. ಆ ಒಂದು ಅಂಕದಲ್ಲಿ ಟ್ರೋಫಿ ನಮ್ಮದಾಯ್ತು."

ಇಮಾರಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಲೆವೀನಿಯಾ ಆ ಕಾಲನ್ನು ನೋಡುತ್ತಿದ್ದಳು.

"ಆಮೇಲೆ?" ಅಂದಳು.

"ಆಮೇಲೇನು, ಓದು ಮುಗಿಸಿದ್ಲು. ಚೆನ್ನಾಗಿದಾಳೆ."

ಸುಳ್ಳು. ನಡೆದದ್ದು ಹೇಳುತ್ತೇನೆ ಕೇಳಿ. ಆ ಹುಡುಗಿ ವರ್ಲೀನ್ ಗ್ಯಾಡ್ಸನ್. ಅವಳ ತೊಡೆ ಮೊದಲೇ ಬಿಗಿದಿತ್ತು, ನನ್ನ ಬೆರಳಿಗೆ ಸಿಕ್ಕಿತ್ತು. ಆಗಿನ ಹೆಡ್ ಕೋಚ್ ಓಡಿಸು ಅಂದ, ನಾನು ಓಡಿಸಿದೆ. ನಮ್ಮಲ್ಲಿ ಸ್ಕಾಲರ್‌ಶಿಪ್ ಒಂದೊಂದು ವರ್ಷದ್ದು. ಪ್ರತಿ ಜುಲೈಯಲ್ಲಿ ಹೊಸ ಕಾಗದ ಬಂದರೆ ಮುಂದಿನ ವರ್ಷ ಓದು, ಬರದಿದ್ದರೆ ಗಂಟುಮೂಟೆ. ವರ್ಲೀನ್‌ಳ ಫೋಟೋ ಜೂನ್‌ನಲ್ಲಿ ಗೋಡೆಗೆ ಏರಿತು. ಜುಲೈಯಲ್ಲಿ ಅವಳ ಹೆಸರಿಗೆ, ಮುಂದಿನ ವರ್ಷ ನಿನಗೆ ಜಾಗವಿಲ್ಲ ಅಂತ ಕಾಗದ ಬಂತು. ಹೆಡ್ ಕೋಚ್ ಅದನ್ನು ನನ್ನ ಕೈಗೆ ಕೊಟ್ಟು, "ನೀನೇ ಹೋಗಿ ಕೊಟ್ಟು ಬಾ. ನಿನ್ನ ಮಾತಾದ್ರೆ ಕೇಳ್ತಾರೆ," ಅಂದ.

ಹೋದೆ. ವರ್ಲೀನ್ ಊರುಗೋಲು ಹಿಡಿದು ಬಾಗಿಲಿಗೆ ಬಂದಳು. ಅವಳ ತಾಯಿ ನನ್ನನ್ನು ನೋಡಿ ಖುಷಿಯಾಗಿ ತಟ್ಟೆ ಇಟ್ಟಳು. ಮಗಳನ್ನು ನೋಡಲು ಇಷ್ಟು ದೂರ ಬಂದಿದ್ದಾರಲ್ಲ ಅಂತ ಎರಡು ಸಲ ಹೇಳಿದಳು. ನಾನು ಉಂಡೆ. ಆಮೇಲೆ ಕಾಗದ ಕೊಟ್ಟೆ.

ಅದಾಗಿ ಒಂಬತ್ತು ವರ್ಷ ಆ ಫೋಟೋದ ಮುಂದೆ ನಿಂತು ಅರ್ಧ ಕಥೆ ಹೇಳಿದೆ. ಕೇಳಿದ ಹುಡುಗಿಯರೆಲ್ಲ ಕಾಲೇಜಿಗೆ ಸೇರಿದರು.

ಇಮಾರಿಯೂ ಸೇರಿದಳು. ಎರಡನೆಯ ವರ್ಷದಲ್ಲಿ ನಮ್ಮ ಕಡೆಯ ಕಾಲೇಜುಗಳಲ್ಲೆಲ್ಲ ಅವಳೇ ವೇಗದವಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನನ್ನ ಜೊತೆ ಬ್ಲಾಕು ಹೊರುತ್ತಿದ್ದಳು. "ಪಿಕೆಟಮ್ಮ, ನಿನಗೆ ವಯಸ್ಸಾಯ್ತು, ಬಿಡು ಇತ್ತ," ಅನ್ನುವಳು. ನರ್ಸಿಂಗ್ ಓದುತ್ತಿದ್ದಳು. ಫ್ಯಾಕ್ಟರಿಯ ಹೆಂಗಸರ ಬೆರಳಿಗೆ ಪಟ್ಟಿ ಕಟ್ಟುವವಳಾಗುತ್ತೇನೆ ಅಂತ ಹೇಳುತ್ತಿದ್ದಳು.

ನಾಲ್ಕನೆಯ ಹೆಡ್ ಕೋಚ್ ಡಿಟ್ಮಾರ್. ಕೋಲು ಹಿಡಿದು ಎತ್ತರ ಜಿಗಿಯುವ ಆಟದಿಂದ ಬಂದವನು. ಓಟದ ಬಗ್ಗೆ ಅವನಿಗೆ ತಿಳಿದಿದ್ದು ಗಡಿಯಾರ ನೋಡುವುದು ಒಂದೇ. ನನಗಿಂತ ಹದಿನಾರು ವರ್ಷ ಚಿಕ್ಕವನು. ನಾನು ಅವನನ್ನು 'ಕೋಚ್' ಅನ್ನಬೇಕು. ಅವನು ನನ್ನನ್ನು ಬರೀ ಓಡೆಸ್ಸಾ ಅನ್ನುವನು.

ಮೇ ತಿಂಗಳಲ್ಲಿ ನಮ್ಮ ಕಡೆಯ ಕಾಲೇಜುಗಳ ದೊಡ್ಡ ಕೂಟ ಇತ್ತು. ಹೊರಡುವ ಮುನ್ನ ಡಿಟ್ಮಾರ್ ನನ್ನ ಕೋಣೆಗೆ ಬಂದ. ಅದುವರೆಗೆ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ.

"ನಿನಗೊಂದು ಗುಟ್ಟು ಹೇಳ್ತೀನಿ. ಈ ಬೇಸಿಗೆಗೆ ನಾನು ಇಲ್ಲಿಂದ ಹೋಗ್ತಿದೀನಿ, ದೊಡ್ಡ ಕಾಲೇಜಿಗೆ. ನನ್ನ ಕುರ್ಚಿಗೆ ನಿನ್ನ ಹೆಸರು ಹೇಳಿದೀನಿ."

ನಾನು ಬಟ್ಟೆ ಮಡಚುತ್ತಿದ್ದೆ. ಕೈ ನಿಂತಿತು.

"ಮೇಲಿನವರು ಒಪ್ಪಿದಾರೆ," ಅಂದ. "ಟ್ರೋಫಿ ತಗೊಂಡು ಹೋಗೋದೊಂದೇ ಬಾಕಿ."

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೆ ಅತ್ತೆ, ಸುಳ್ಳು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷ ನಾಯಿ ಹಾಗೆ ದುಡಿದವಳಿಗೆ ಆ ಕುರ್ಚಿಯ ಆಸೆ ಎಷ್ಟಿತ್ತು ಅಂತ ನನಗೊಬ್ಬಳಿಗೇ ಗೊತ್ತು.

ಕೂಟ ಮೂರು ದಿನದ್ದು. ಶುಕ್ರವಾರ ನೂರು ಮೀಟರಿನ ಮೊದಲ ಸುತ್ತು, ಶನಿವಾರ ಇನ್ನೂರರದು, ಭಾನುವಾರ ಎಲ್ಲ ಫೈನಲ್ಲುಗಳು. ನಾನು ಓಟವನ್ನು ಕಣ್ಣು ಮುಚ್ಚಿ ನೋಡುತ್ತೇನೆ. ಅಂದರೆ ಕೇಳುತ್ತೇನೆ. ನೆಲಕ್ಕೆ ಬೀಳುವ ಕಾಲಿನ ಸದ್ದಿನಲ್ಲಿ ಎಲ್ಲ ತಿಳಿಯುತ್ತದೆ. ಶುಕ್ರವಾರ ಇಮಾರಿಯ ಎಡಗಾಲು ತಟ್ ಅಂದಿತು, ಬಲಗಾಲು ತಪ್ ಅಂದಿತು. ಅವಳೇ ಗೆದ್ದಳು. ಜನ ಕೂಗಿದರು. ಬಲಗಾಲಿನ ಸ್ನಾಯು ಹಿಡಿದಿದೆ ಅಂತ ತಿಳಿದು, ಅವಳನ್ನು ನಮ್ಮ ತಂಡದ ಡೇರೆಗೆ ಕರೆದೊಯ್ದೆ.

ಡೇರೆಯಲ್ಲಿ ಅವಳನ್ನು ಬೋರಲು ಮಲಗಿಸಿ ಬಲತೊಡೆಯ ಹಿಂಭಾಗ ಒತ್ತಿದೆ. ಮಧ್ಯದಲ್ಲಿ ಒಂದು ತಗ್ಗು. ಅವರೆಕಾಳಿನಷ್ಟು. ಅವಳು ಟವೆಲ್ಲು ಕಚ್ಚಿಕೊಂಡಳು.

"ಏನಿಲ್ಲ ಅಲ್ವಾ ಪಿಕೆಟಮ್ಮ?"

ಅವಳ ಕಣ್ಣಿನಲ್ಲಿ ಜುಲೈ ಇತ್ತು. ನನ್ನ ಕಣ್ಣಿನಲ್ಲಿ ಕುರ್ಚಿ.

"ಏನಿಲ್ಲ ಮಗಳೇ. ಐಸ್ ಹಾಕ್ಕೊ," ಅಂದೆ.

ಶನಿವಾರ ಅವಳನ್ನು ಮತ್ತೆ ಓಡಿಸಿದೆ. ಇನ್ನೂರು ಮೀಟರ್. ತಿರುವಿನಲ್ಲಿ ಅವಳು ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಎರಡನೆಯವಳಾಗಿ ಫೈನಲ್ ಸೇರಿದಳು. ಆಮೇಲೆ ಒತ್ತಿ ನೋಡಿದೆ. ತಗ್ಗಿನಲ್ಲಿ ನನ್ನ ಹೆಬ್ಬೆರಳ ತುದಿ ಕೂರುತ್ತಿತ್ತು. ಮತ್ತೆ ಐಸ್ ಹಾಕಿದೆ. ಒಳಗೊಳಗೇ ನನಗೆ ನಾನು ಹೇಳಿಕೊಂಡೆ: ಇನ್ನೊಂದೇ ದಿನ, ಆಮೇಲೆ ಕುರ್ಚಿ ನನ್ನದು, ಆಮೇಲೆ ಯಾವ ಹುಡುಗಿಯನ್ನೂ ಹೀಗೆ ಓಡಿಸಬೇಕಾಗಿಲ್ಲ. ಎಂಥ ಹಲ್ಕಾ ಮಾತು! ಆಗ ಅದು ನ್ಯಾಯ ಅನಿಸಿತ್ತು.

ಭಾನುವಾರ ಬೆಳಗ್ಗೆ ಇಮಾರಿ ಡೇರೆಯೊಳಗೆ ಬರುವಾಗಲೇ ಕಾಲು ಎಳೆಯುತ್ತಿದ್ದಳು. ಡಿಟ್ಮಾರ್‌ಗೂ ಕಾಣಿಸಿತು. ಅವನು ಡಾಕ್ಟರನ್ನು ಕರೆಸಿದ. ಡಾಕ್ಟರು ಪರದೆ ಎಳೆದುಕೊಂಡು ಸೂಜಿ ಚುಚ್ಚಿದ. ಹತ್ತು ನಿಮಿಷದ ಮೇಲೆ ಇಮಾರಿ ನಗುತ್ತಾ ಹೊರಗೆ ಬಂದಳು.

"ನೋವೇ ಇಲ್ಲ ಪಿಕೆಟಮ್ಮ! ಕಾಲೇ ಇಲ್ಲ ಅನ್ಸುತ್ತೆ!"

ಜಿಗಿದು ತೋರಿಸಿದಳು. ತಪ್, ತಪ್. ಅಷ್ಟರಲ್ಲಿ ಎದುರಿನ ಮೆಟ್ಟಿಲ ಸಾಲಿನಿಂದ ಯಾರೋ ಕೈ ಬೀಸಿದರು. ಲೆವೀನಿಯಾ. ಚರ್ಚಿನ ಬಸ್ಸಿನಲ್ಲಿ ಊರಿನವರ ಜೊತೆ ಬಂದಿದ್ದಳು. ಹಳದಿ ಟೊಪ್ಪಿ ಹಾಕಿದ್ದಳು, ಹಬ್ಬಕ್ಕೆ ಹಾಕುವಂಥದ್ದು. ನನ್ನನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

ನಾನು ಡಿಟ್ಮಾರ್ ಹತ್ತಿರ ಹೋದೆ. ಮೊದಲು ರಿಲೇ, ಅದರ ಮೇಲೆ ನೂರು, ಅದರ ಮೇಲೆ ಇನ್ನೂರು. ಮೂರು ಓಟ.

"ಕೋಚ್, ಅವಳ ತೊಡೆ ಹರೀತಾ ಇದೆ. ರಿಲೇನಲ್ಲೇ ಪೂರ್ತಿ ಹೋಗುತ್ತೆ. ಬಿಟ್ಟುಬಿಡೋಣ."

"ನೋವಿಲ್ಲ ಅಂದ್ಲಲ್ಲ."

"ಸೂಜಿ ಹಾಕಿದ್ರೆ ನೋವೆಲ್ಲಿರುತ್ತೆ?"

ಅವನು ಗಡಿಯಾರ ನೋಡಿದ. "ಮೂವತ್ತು ಅಂಕ ಕೂತಿದೆ ಆ ಕಾಲಿನ ಮೇಲೆ. ಹರಿದ್ರೆ ಹರೀಲಿ. ಇನ್ನೊಬ್ಬಳನ್ನ ತರ್ತೀಯಲ್ಲ. ನಿನಗೇನು ಅಡುಗೆಮನೆಗಳು ಕಮ್ಮಿನಾ?"

ಅವನಿಗೆ ತಮಾಷೆ ಮಾಡಬೇಕು ಅನಿಸಿತು.

"ಯಾರಿಗೊತ್ತು, ಇವಳೂ ತೆವಳಬಹುದು. ಗೋಡೆ ಮೇಲೆ ಇನ್ನೊಂದು ಫೋಟೋಕ್ಕೆ ಜಾಗ ಇದೆ." ನಕ್ಕು ನನ್ನ ಭುಜ ತಟ್ಟಿದ.

ಆ ಕೈ ನನ್ನ ಭುಜದ ಮೇಲೆ ಬಿದ್ದದ್ದು ಇನ್ನೂ ಉರಿಯುತ್ತದೆ. ವರ್ಲೀನ್ ನೆನಪಾದಳು. ಅವಳ ತಾಯಿ ಇಟ್ಟ ತಟ್ಟೆ ನೆನಪಾಯಿತು. ಅದರಲ್ಲಿ ಏನಿತ್ತು ಅನ್ನುವುದೂ ನೆನಪಾಯಿತು. ಹಂದಿ ಮಾಂಸ, ಹಲಸಂದೆ ಕಾಳು, ಅನ್ನ.

ಕೂಟದಲ್ಲಿ ಒಂದು ನಿಯಮ ಇದೆ. ಓಟಕ್ಕೆ ಅರ್ಧ ಗಂಟೆ ಮುಂಚೆ ಅಧಿಕಾರಿಗಳ ಮೇಜಿನ ಹತ್ತಿರ ಹೋಗಿ ಹೆಸರಿನ ಪಟ್ಟಿಗೆ ಸಹಿ ಹಾಕಬೇಕು. ಅಲ್ಲಿ ಒಬ್ಬರ ಹೆಸರಿನ ಮೇಲೆ ಗೆರೆ ಎಳೆದರೆ ಆಯಿತು, ಆ ಕೂಟದ ಯಾವ ಓಟಕ್ಕೂ ಅವರಿಲ್ಲ. ತಿರುಗಿ ಬರೆಯುವ ಹಾಗಿಲ್ಲ. ಗೆರೆ ಎಳೆಯುವ ಅಧಿಕಾರ ಹೆಡ್ ಕೋಚ್‌ಗೆ ಮತ್ತು ಅವನು ಬರೆದುಕೊಟ್ಟ ಒಬ್ಬರಿಗೆ. ನಮ್ಮ ತಂಡದಲ್ಲಿ ಆ ಒಬ್ಬಳು ನಾನು. ಬಿಸಿಲಲ್ಲಿ ಸಾಲು ನಿಲ್ಲುವುದು ಡಿಟ್ಮಾರ್‌ಗೆ ಆಗುತ್ತಿರಲಿಲ್ಲ, ಅದಕ್ಕೆ ಬರೆದುಕೊಟ್ಟಿದ್ದ.

ಸಾಲಿನಲ್ಲಿ ನಿಂತೆ. ಮುಂದೆ ಐದು ಜನ. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಕುರ್ಚಿ ಕಣ್ಣ ಮುಂದೆ ಬಂತು, ಸುಳ್ಳಲ್ಲ. ಅದರ ಚರ್ಮದ ಕೈಗಳೂ ಬಂದವು. ಮೇಜಿನ ಹಿಂದೆ ಬಿಳಿಯ ಅಜ್ಜಿಯೊಬ್ಬಳು ಕೂತಿದ್ದಳು. ನಾನು ಪೆನ್ನು ತೆಗೆದುಕೊಂಡು ಇಮಾರಿ ಫೆಲ್ಡರ್ ಅನ್ನುವ ಹೆಸರಿನ ಮೇಲೆ ತುದಿ ಇಟ್ಟಾಗ ಅಜ್ಜಿ ನನ್ನ ಕೈ ಹಿಡಿದಳು.

"ಈ ಹುಡುಗಿನಾ? ಸರಿಯಾಗಿ ನೋಡ್ಕೊಳ್ಳಮ್ಮ. ಗೆರೆ ಎಳೆದ್ಮೇಲೆ ದೇವ್ರೇ ಬಂದು ಕೇಳಿದ್ರೂ ನಾನು ವಾಪಸ್ ಬರೆಯಲ್ಲ."

"ಅದಕ್ಕೇ ಎಳೀತಿರೋದು," ಅಂದೆ.

ಎಳೆದೆ. ಊದಿದ ಹೆಬ್ಬೆರಳು, ಪೆನ್ನು ಸರಿಯಾಗಿ ಹಿಡಿಯಲಾಗದೆ ಗೆರೆ ವಕ್ರವಾಯಿತು. ಪಕ್ಕದಲ್ಲಿ ಕಾರಣ ಬರೆಯಬೇಕು. 'ತೊಡೆ ಹರಿದಿದೆ. ಸೂಜಿ ಹಾಕಿ ಓಡಿಸುತ್ತಿದ್ದಾರೆ' ಅಂತ ಬರೆದು ಸಹಿ ಹಾಕಿದೆ.

ಸುದ್ದಿ ನನಗಿಂತ ಮೊದಲು ಡೇರೆ ಮುಟ್ಟಿತ್ತು. ಡಿಟ್ಮಾರ್‌ನ ಮುಖ ಕೆಂಪಾಗಿತ್ತು.

"ಯಾರನ್ನ ಕೇಳಿ ಮಾಡ್ದೆ?"

"ಯಾರನ್ನೂ ಕೇಳ್ಲಿಲ್ಲ."

"ನಿನ್ನಂಥೋರನ್ನ ಮೇಲೆ ಕೂರಿಸ್ತೀನಿ ಅಂತ ಹೋಗಿದ್ನಲ್ಲ, ನನಗೆ ಬುದ್ಧಿ ಇಲ್ಲ!"

"ನನ್ನಂಥೋರು ಅಂದ್ರೆ ಯಾರು? ಬಾಯಿ ಬಿಟ್ಟು ಹೇಳೋ ಡಿಟ್ಮಾರ್."

ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ನನ್ನ ಕೊರಳಲ್ಲಿದ್ದ ಗುರುತಿನ ಚೀಟಿಗೆ ಕೈ ಹಾಕಿ ಎಳೆದ. ದಾರ ಕುತ್ತಿಗೆ ಗೀರಿ ತುಂಡಾಯಿತು.

ಸುತ್ತ ನಿಂತ ಹುಡುಗಿಯರ ನಡುವಿನಿಂದ ಇಮಾರಿ ಬಂದಳು. ನನಗೆ ಏನನಿಸಿತ್ತು ಹೇಳಲೇ? ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಓಟದ ಮುಳ್ಳಿನ ಶೂ ಬೀಸಿ ನನ್ನ ಮುಖಕ್ಕೆ ಹೊಡೆದಳು. ಕೆನ್ನೆ ಕಿತ್ತು ರಕ್ತ ಬಂತು.

"ನನ್ನ ಹೆಸರು ಹೊಡೆಯೋಕೆ ನೀನ್ಯಾರೇ? ಯಾರು ಕೇಳಿದ್ರು ನಿನ್ನ? ಕಾಲು ನಂದು! ಹರಿದ್ರೆ ಹರೀತಿತ್ತು! ಜುಲೈ ಕಾಗದ ನೀನು ಕೊಡ್ತೀಯಾ? ನೀನು ಓದಿಸ್ತೀಯಾ ನನ್ನ?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಹರಿದ ಕಾಲಿಗೂ ಜುಲೈಯಲ್ಲಿ ಜಾಗವಿಲ್ಲ ಅನ್ನುವ ಕಾಗದ, ಓಡದ ಕಾಲಿಗೂ ಅದೇ ಕಾಗದ. ಅವಳು ಗೆದ್ದರೆ ಮಾತ್ರ ಬೇರೆ. ಆ ಒಂದು ದಾರಿಯನ್ನು ನಾನು ಮುಚ್ಚಿದ್ದೆ.

ಗಲಾಟೆ ಕೇಳಿ ಲೆವೀನಿಯಾ ಮೆಟ್ಟಿಲ ಸಾಲಿನ ಬೇಲಿ ದಾಟಿ ಇಳಿದು ಬಂದಳು. ತಡೆಯಲು ಹೋದ ಪೊಲೀಸಿನವನ ಕೈ ತಳ್ಳಿದಳು. ಟೊಪ್ಪಿ ವಾರೆಯಾಗಿತ್ತು.

"ಏನಾಯ್ತು? ಯಾರು ಹೊಡೆದ್ರು ಅಕ್ಕನ್ನ?"

"ಅಮ್ಮಾ, ಇವಳು ನನ್ನ ಹೆಸರು ತೆಗೆದುಹಾಕಿದಾಳೆ! ನನಗೇನೂ ಆಗಿಲ್ಲ, ನೋಡು!" ಇಮಾರಿ ಅಳುತ್ತಾ ಜಿಗಿದಳು.

ಲೆವೀನಿಯಾ ಮಗಳನ್ನು ಡೇರೆಯ ಬೆಂಚಿನ ಮೇಲೆ ಬೋರಲು ಹಾಕಿದಳು. ಎಲ್ಲರ ಎದುರಿಗೆ ಅವಳ ಬಲತೊಡೆಯ ಹಿಂಭಾಗಕ್ಕೆ ಎರಡೂ ಹೆಬ್ಬೆರಳು ಇಟ್ಟು ಮೇಲಿನಿಂದ ಕೆಳಗೆ ಒತ್ತುತ್ತಾ ಬಂದಳು. ಮಧ್ಯದಲ್ಲಿ ನಿಂತಳು. ಬೆರಳು ಒಳಗೆ ಹೋಯಿತು. ಗಿಣ್ಣಿನವರೆಗೆ ಹೋಯಿತು.

"ನೋವಾಯ್ತೇನೇ?"

"ಇಲ್ಲಮ್ಮ."

"ಇಷ್ಟು ಒತ್ತಿದ್ರೂ?"

"ಇಲ್ಲ ಅಂದ್ನಲ್ಲ!"

"ಸತ್ತ ಕೋಳಿಗೆ ನೋವಾಗಲ್ಲ ಕಣೇ," ಅಂದಳು ಲೆವೀನಿಯಾ. "ಬದುಕಿರೋಳಿಗೆ ಆಗ್ಬೇಕು."

ಬೆರಳು ತೆಗೆಯದೆ ತಲೆಯೆತ್ತಿ ಡಿಟ್ಮಾರ್‌ನನ್ನು ನೋಡಿದಳು. "ಹದಿನಾಲ್ಕು ವರ್ಷದಿಂದ ತೊಡೆ ಬಿಡಿಸ್ತಿದೀನಿ ಸ್ವಾಮಿ. ಹರಿದಿರೋದ್ಯಾವುದು, ಗಟ್ಟಿ ಇರೋದ್ಯಾವುದು ಅಂತ ನನಗೆ ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ನಮ್ಮ ಫ್ಯಾಕ್ಟರೀಲಿ ಕೂಡ ಇಂಥದ್ದನ್ನ ಪಕ್ಕಕ್ಕಿಡ್ತೀವಿ."

ಡಿಟ್ಮಾರ್ ಏನೋ ಗೊಣಗಿ ಡೇರೆಯಿಂದ ಹೊರಗೆ ಹೋದ. ನನ್ನ ಎದೆ ಹಗುರಾಯಿತು. ಗೆದ್ದೆ ಅಂದುಕೊಂಡೆ. ಕೆನ್ನೆಯ ರಕ್ತ ಒರೆಸಿಕೊಂಡು ಲೆವೀನಿಯಾಳ ಹತ್ತಿರ ಹೋದೆ. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಹೆಬ್ಬೆರಳು ನೋಡುತ್ತಿದ್ದಳು.

"ನಿನಗೆ ಯಾವತ್ತು ಗೊತ್ತಾಯ್ತು?"

ಅವಳ ಮಾತಿನಿಂದ 'ಅಕ್ಕ' ಹೋಗಿತ್ತು. 'ನೀವು' ಹೋಗಿತ್ತು.

"ತಂಗೀ..."

"ಯಾವತ್ತು ಗೊತ್ತಾಯ್ತು ಅಂತ ಕೇಳ್ದೆ."

"ಶುಕ್ರವಾರ."

"ಇವತ್ತು ಭಾನುವಾರ."

ಹೊರಗೆ ರಿಲೇ ಶುರುವಾಗುವ ಗುಂಡು ಹಾರಿತು. ಜನ ಕೂಗುತ್ತಿದ್ದರು. ಇಮಾರಿ ಬೆಂಚಿನ ಮೇಲೆ ಮುಖ ಹುದುಗಿಸಿ ಅಳುತ್ತಿದ್ದಳು. ಲೆವೀನಿಯಾ ಬಗ್ಗಿ ಮಗಳನ್ನು ಎಬ್ಬಿಸಿದಳು, ಅವಳ ತೋಳನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಹೋಗುವಾಗ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತಳು.

"ನನ್ನ ಮನೇಲಿ ಉಂಡಿದ್ದೆ ನೀನು," ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ನನಗೆ ಬಿದ್ದ ಏಟುಗಳಲ್ಲಿ ಅಷ್ಟು ಜೋರಾದದ್ದು ಇನ್ನೊಂದಿಲ್ಲ. ಕುರ್ಚಿ ಕೊಡದವರ ಮೇಲೆ ಕೂಗಾಡಬಹುದು. ಇದಕ್ಕೆ ಯಾರ ಮೇಲೆ ಕೂಗಾಡಲಿ?

ಟ್ರೋಫಿ ಬರಲಿಲ್ಲ. ಸೋಮವಾರ ನನ್ನ ಕೋಣೆ ಖಾಲಿ ಮಾಡಲು ಒಂದು ಗಂಟೆ ಕೊಟ್ಟರು. ರಟ್ಟಿನ ಡಬ್ಬ ಒಂದೂ ತುಂಬಲಿಲ್ಲ. ಉಳಿದ ಹೊತ್ತಿನಲ್ಲಿ ಓಣಿಗೆ ಹೋಗಿ, ಶೂ ಮುಳ್ಳು ಬಿಚ್ಚುವ ಕೀಲಿಯಿಂದ ವರ್ಲೀನ್‌ಳ ಫೋಟೋದ ಚೌಕಟ್ಟು ಕಿತ್ತೆ. ಫೋಟೋ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಛಲ ಅನ್ನುವ ಉಕ್ಕಿನ ಅಕ್ಷರ ಮಾತ್ರ ಬರಲಿಲ್ಲ, ಗೋಡೆಯಲ್ಲೇ ಬಿಟ್ಟೆ. ಈಗ ಅದರ ಮೇಲೆ ಬೇರೆ ಯಾವುದೋ ಹುಡುಗಿಯ ಫೋಟೋ ಹಾಕಿದ್ದಾರಂತೆ.

ಡಿಟ್ಮಾರ್ ದೊಡ್ಡ ಕಾಲೇಜಿಗೆ ಹೋದ. ಅವನ ಕುರ್ಚಿಗೆ ಅವನ ಗೆಳೆಯನೇ ಬಂದ. ನನ್ನ ಜಾಗಕ್ಕೆ ನಮ್ಮವಳನ್ನೇ ತಂದರು, ಮೂವತ್ತು ವರ್ಷದವಳು, ಮಾತಿನಲ್ಲಿ ಚುರುಕು, ಊಟದಲ್ಲಿ ಧಾರಾಳ. ಕೋಣೆ ಅದೇ, ಮಷೀನುಗಳ ಪಕ್ಕದ್ದು.

ಇಮಾರಿಗೆ ಜುಲೈಯಲ್ಲಿ ಜಾಗವಿಲ್ಲ ಅನ್ನುವ ಕಾಗದ ತಪ್ಪದೆ ಬಂತು. ಈ ಸಲ ಅಂಚೆಯಲ್ಲಿ ಬಂತು, ಕೊಂಡೊಯ್ಯಲು ನಾನಿರಲಿಲ್ಲ. ಅವಳ ತೊಡೆ ಕೂಡಿಕೊಂಡಿದೆ. ಕುಂಟುವುದಿಲ್ಲ. ಎಂಟು ಗಂಟೆ ನೆಟ್ಟಗೆ ನಿಲ್ಲುತ್ತಾಳೆ, ಅದೇ ಬೆಲ್ಟಿನ ಮುಂದೆ, ತಾಯಿಯ ಎಡಗಡೆಗೆ. ನಾನು ಎರಡು ಸಲ ಅವರ ಮನೆಗೆ ಹೋದೆ. ಎರಡು ಸಲವೂ ಲೆವೀನಿಯಾ ಜಗಲಿಯಲ್ಲೇ ನಿಂತು ಮಾತಾಡಿದಳು. ಒಳಗೆ ಕರೆಯಲಿಲ್ಲ. ಮೂರನೆಯ ಸಲ ಹೋಗಲಿಲ್ಲ.

ವರ್ಲೀನ್‌ಳನ್ನು ಹುಡುಕಿಕೊಂಡು ಹೋದೆ. ಈಗ ಶಾಲೆಯ ಬಸ್ಸು ಓಡಿಸುತ್ತಾಳೆ. ಬಲಗಾಲು ಇಂದಿಗೂ ಪೂರ್ತಿ ಮಡಚಲು ಬಾರದು. ಫೋಟೋ ಬಿಡಿಸಿ ತೋರಿಸಿದೆ. ಬಾಗಿಲಿನ ಜಾಲರಿಯ ಆ ಕಡೆಯಿಂದ ನೋಡಿದಳು.

"ನನಗ್ಯಾಕೆ ತಂದೆ ಇದನ್ನ?"

"ನಿಂದೇ ಅಲ್ವಾ ಮಗಳೇ."

"ಮಗಳೇ ಗಿಗಳೇ ಅನ್ಬೇಡ." ಜಾಲರಿ ತೆರೆಯಲಿಲ್ಲ. "ನನಗೆ ಬೇಡ. ಇಂಥದ್ದನ್ನ ತೋರ್ಸಿ ಯಾವ ಹುಡುಗೀರನ್ನ ಸೇರಿಸ್ಕೊತಾರೋ ಅವರ ಮನೆಗೇ ತಗೊಂಡು ಹೋಗಿ ತೋರ್ಸು. ಹೆಸರು ಹೇಳು, ಪೂರ್ತಿ ಹೆಸರು. ನಿಂದೂ ಹೇಳು."

ಅದನ್ನೇ ಮಾಡುತ್ತಿದ್ದೇನೆ. ವೇಗದ ಹುಡುಗಿಯರು ಎಲ್ಲಿದ್ದಾರೆ ಅಂತ ನನಗೆ ಗೊತ್ತು, ಕಾಲೇಜಿನವರು ಯಾವ ತಿಂಗಳು ಯಾವ ಮನೆಗೆ ಬರುತ್ತಾರೆ ಅಂತಲೂ ಗೊತ್ತು. ಅವರಿಗಿಂತ ಒಂದು ವಾರ ಮೊದಲು ಹೋಗುತ್ತೇನೆ. ಕೆಲವು ತಾಯಂದಿರು ಬಯ್ದು ಕಳಿಸುತ್ತಾರೆ. ನಿನ್ನ ಕೆಲಸ ಹೋದ ಹೊಟ್ಟೆಉರಿಗೆ ನನ್ನ ಮಗಳ ದಾರಿಗೆ ಅಡ್ಡ ಬರ್ತೀಯಾ ಅನ್ನುತ್ತಾರೆ. ಹೆಚ್ಚಿನವರು ಎಲ್ಲ ಕೇಳಿಯೂ ಮಗಳನ್ನು ಕಳಿಸುತ್ತಾರೆ, ಬೇರೆ ದಾರಿ ಇಲ್ಲದೆ. ಆದರೆ ಕಳಿಸುವಾಗ ಬರೆದು ಕೊಡಿ ಅಂತ ಕೇಳುವುದನ್ನು ಕಲಿತಿದ್ದಾರೆ: ಕಾಲು ಹರಿದರೂ ಓದು ನಿಲ್ಲುವುದಿಲ್ಲ ಅಂತ ಬರೆದು ಕೊಡಿ. ಕಳೆದ ತಿಂಗಳು ಒಬ್ಬಳು ತಾಯಿ, ಬರೆದು ಕೊಡಲಾರೆ ಅಂದ ಹೊಸ ಹೆಡ್ ಕೋಚ್‌ನನ್ನು ಜಗಲಿಯಿಂದಲೇ ಇಳಿಸಿ ಕಳಿಸಿದಳಂತೆ.

ಮೊನ್ನೆ ಇನ್ನೊಂದು ಮನೆಗೆ ಹೋಗಿದ್ದೆ. ತಾಯಿ ಒಳ್ಳೆಯವಳು. ಬಾಗಿಲು ತೆಗೆದವಳೇ ಅಡುಗೆಮನೆಗೆ ಕರೆದಳು, ಕುರ್ಚಿ ಎಳೆದಳು, ಬಿಸಿ ತಟ್ಟೆ ಮುಂದಿಟ್ಟಳು. ಬೆಂಡೆಕಾಯಿ, ಕರಿದ ಮೀನು. ಹುಡುಗಿ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಉದ್ದ ಕಾಲು.

"ಮೊದಲು ಉಣ್ಣಿ ಅಕ್ಕ, ಆಮೇಲೆ ಮಾತು," ಅಂದಳು ತಾಯಿ.

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅದು ಇದ್ದ ಜಾಗದಲ್ಲಿ ಫೋಟೋ ಬಿಡಿಸಿ, ನಾಲ್ಕು ಮೂಲೆಗೂ ಕೈ ಒತ್ತಿ ನೆಟ್ಟಗೆ ಮಾಡಿದೆ.

"ಇವಳ ಹೆಸರು ವರ್ಲೀನ್ ಗ್ಯಾಡ್ಸನ್," ಅಂದೆ. "ಓಡಿಸಿದ್ದು ನಾನು, ಓಡೆಸ್ಸಾ ಪಿಕೆಟ್. ಪೂರ್ತಿ ಕೇಳು ತಾಯಿ. ಕೇಳಿದ್ಮೇಲೂ ನನಗೆ ಊಟ ಹಾಕ್ಬೇಕು ಅನ್ಸಿದ್ರೆ ಆಗ ಹಾಕು."